ವೆಂಕಟರಾಯಪ್ಪ ಮೇಷ್ಟ್ರು ಮತ್ತು ಘಾಟಿಯ ಏರಿನ ಸಿಳ್ಳೆ ಕಾರು

ಡೀಸೆಲ್ ಎಂಜಿನ್ನಿನ ಪಾಠವನ್ನು ಹಳ್ಳಿಯ ಹುಡುಗರಿಗೆ ಅವರದೇ ಕನ್ನಡದಲ್ಲಿ ಹೇಳಬಹುದೆಂದು ನಂಬಿದವರೂ, ಆ ನಂಬಿಕೆಯನ್ನು ಎಣ್ಣೆ ಮೆತ್ತಿದ ಕೈಗಳಿಂದಲೇ ನಿಜಮಾಡಿ ತೋರಿಸಿದವರೂ ನಮ್ಮ ಸೀಮೆಯಲ್ಲಿ ಬಹಳ ಮಂದಿಯಿಲ್ಲ. ಇರುವ ಕೆಲವರಲ್ಲಿ ಮೊದಲು ಹೆಸರಿಸಬೇಕಾದವರು, ದೊಡ್ಡಬಳ್ಳಾಪುರದ ನಮ್ಮ ತರಬೇತಿ ಕೇಂದ್ರದ ಡೀಸೆಲ್ ವಿಭಾಗದಲ್ಲಿ ಹದಿನೇಳು ವರ್ಷ ಬೋಧಕರಾಗಿದ್ದು, ಈ ೧೯೭೯ರಲ್ಲಿ ನಿವೃತ್ತರಾಗುತ್ತಿರುವ ಶ್ರೀ ವೆಂಕಟರಾಯಪ್ಪನವರು. ದೇವನಹಳ್ಳಿಯಿಂದ ನೆಲಮಂಗಲದವರೆಗೆ ಎಲ್ಲಿಯಾದರೂ ಒಂದು ಲಾರಿ ಬಾನೆಟ್ಟು ತೆರೆದು ನಿಂತಿದ್ದರೆ, ಅದರೊಳಗೆ ತಲೆ ತೂರಿಸಿರುವ ತರುಣನನ್ನು ಯಾರ ಶಿಷ್ಯನಪ್ಪಾ ಎಂದು ಕೇಳಿ ನೋಡಿ. ಬಹುತೇಕ ಇವರ ಹೆಸರೇ ಬರುತ್ತದೆ.

ಈ ಅಭಿನಂದನ ಗ್ರಂಥಕ್ಕೆ ಅವರನ್ನು ಕುರಿತು ಬರೆಯಲು ನನ್ನನ್ನು ಯಾಕೆ ಆರಿಸಿದರೋ ಗೊತ್ತಿಲ್ಲ. ನಾನು ಡ್ರಾಯಿಂಗ್ ಕಲಿಸುವವನು. ಎಂಜಿನ್ನಿನ ಚಿತ್ರ ಬರೆಯಬಲ್ಲೆನೇ ಹೊರತು ಅದನ್ನು ಚಾಲೂ ಮಾಡಲಾರೆ. ಆದರೆ ಇಷ್ಟು ವರ್ಷವೂ ಸಿಬ್ಬಂದಿ ಕೊಠಡಿಯಲ್ಲಿ ಅವರ ಎದುರು ಕುರ್ಚಿಯಲ್ಲೇ ಕುಳಿತಿದ್ದೇನೆ. ಅವರ ಸಿಟ್ಟನ್ನೂ ಅವರ ಬುತ್ತಿಯನ್ನೂ ಹಂಚಿಕೊಂಡಿದ್ದೇನೆ. ಅದನ್ನೇ ಅರ್ಹತೆಯೆಂದು ಭಾವಿಸಿ ಮುಂದುವರಿಯುತ್ತೇನೆ.

ವೆಂಕಟರಾಯಪ್ಪನವರು ದೊಡ್ಡಬೆಳವಂಗಲದ ಒಕ್ಕಲು ಮನೆತನದವರು. ಯುದ್ಧದ ಕಾಲದಲ್ಲಿ ಬೆಂಗಳೂರಿನ ಮಿಲಿಟರಿ ವರ್ಕ್‌ಶಾಪಿನಲ್ಲಿ ಕೆಲಸ ಕಲಿತು, ಆಮೇಲೆ ಹಲವೆಡೆ ದುಡಿದು, ೧೯೬೨ರಲ್ಲಿ ನಮ್ಮ ಕೇಂದ್ರಕ್ಕೆ ಬಂದರು. ಬಾಯಿ ಬಲು ಖಾರ. ನನ್ನ ನಕ್ಷೆಗಳನ್ನು ನೋಡಿ, "ಏನ್ರೀ ಡ್ರಾಯಿಂಗ್ ಮಾಸ್ಟ್ರೇ, ಗೆರೆ ಏನೋ ನೆಟ್ಟಗೈತೆ, ಆದ್ರೆ ಈ ಬೋಲ್ಟು ಬಿಚ್ಚೋಕೆ ಕೈ ಯಾವ ಕಡೆಯಿಂದ ಹಾಕ್ಬೇಕು ಅಂತ ಯೋಚ್ನೆ ಮಾಡಿದ್ರಾ?" ಎಂದು ಎಲ್ಲರ ಮುಂದೆ ಕೇಳಿಬಿಡುತ್ತಿದ್ದರು. ಅದೇ ಬಾಯಿ, ಊರಿಂದೂರಿಗೆ ನಡೆದು ಬರುವ ವಿದ್ಯಾರ್ಥಿಯ ಮುಖ ಬಾಡಿದ್ದು ಕಂಡರೆ, ಉಂಡೆಯಾ ಎಂದು ಮೊದಲು ಕೇಳುತ್ತಿತ್ತು. ಇಲ್ಲವೆಂದವನು ನೇರವಾಗಿ ಅವರ ಮನೆಗೆ ಹೋಗಬೇಕು. ಅವರ ಪತ್ನಿ ಅನುಸೂಯಮ್ಮನವರು ಮುದ್ದೆ ಕಟ್ಟಿ ಇಡುತ್ತಿದ್ದರು. ಗ್ರೈಂಡಿಂಗ್ ಯಂತ್ರಕ್ಕೆ ಬೆರಳು ಕೊಟ್ಟ ಒಬ್ಬ ವಿದ್ಯಾರ್ಥಿಯನ್ನು ಆಸ್ಪತ್ರೆಯಲ್ಲಿ ಇವರು ತಮ್ಮ ಮಗನಂತೆ ನೋಡಿಕೊಂಡರು. ಅವನು ಗುಣವಾಗಿ ಬಂದ ದಿನ, ಎಚ್ಚರ ತಪ್ಪಿದ್ದಕ್ಕೆ ಇಡೀ ತರಗತಿಯ ಎದುರು ಅವನಿಗೆ ಮಂಗಳಾರತಿಯನ್ನೂ ಮಾಡಿದರು.

೧೯೬೬ರಲ್ಲಿ ದೇವನಹಳ್ಳಿ ಕಡೆಯ ಗುತ್ತಿಗೆದಾರರೊಬ್ಬರು ತಮ್ಮ ಹಳೆಯ ವಿದೇಶಿ ಕಾರನ್ನು ವಿದ್ಯಾರ್ಥಿಗಳ ಅಭ್ಯಾಸಕ್ಕಿರಲಿ ಎಂದು ನಮಗೆ ಕೊಟ್ಟರು. ಅದರ ಪೆಟ್ರೋಲ್ ಎಂಜಿನ್ನು ಸತ್ತು ಹೋಗಿತ್ತು. ಆದರೆ ಮೈ ಮಾತ್ರ ಮದುವೆಮನೆಯಷ್ಟು ವಿಶಾಲ. ವೆಂಕಟರಾಯಪ್ಪನವರು ಅದಕ್ಕೊಂದು ಸಣ್ಣ ವ್ಯಾನಿನ ಡೀಸೆಲ್ ಎಂಜಿನ್ನು ಕೂರಿಸಿ, ಹಿಂಬದಿಯ ಸೀಟು ಕಿತ್ತು ಒಬ್ಬರು ಮಲಗುವಷ್ಟು ಜಾಗ ಮಾಡಿದರು. ಆಸ್ಪತ್ರೆಗೆ ಹೋಗಬೇಕಾದ ಬಸುರಿಯರು, ಬಿದ್ದು ಕಾಲು ಮುರಿದುಕೊಂಡವರು ಎತ್ತಿನ ಗಾಡಿಯಲ್ಲಿ ಕುಲುಕಾಡುತ್ತ ಬರುವುದನ್ನು ಅವರು ಬಾಲ್ಯದಿಂದ ನೋಡಿದ್ದರು. ಕೇಂದ್ರದ ಕಾರು ಸುತ್ತಲಿನ ಹಳ್ಳಿಯ ರೋಗಿಗಳಿಗೆ ಉಪಯೋಗವಾಗಲಿ ಎಂದು ಮೇಲಿನವರ ಬೆನ್ನು ಬಿದ್ದು ಒಪ್ಪಿಗೆ ತಂದವರೂ ಅವರೇ. ಚಾಲಕನಾಗಿ ತಮ್ಮ ಶಿಷ್ಯ ಪಿಳ್ಳಪ್ಪನನ್ನೇ ನೇಮಿಸಿಕೊಂಡರು. ಮಿತಭಾಷಿ, ನಿಧಾನಿ, ಬ್ರೇಕು ಹಾಕಿದರೆ ಮಲಗಿದ ಮಗುವಿಗೆ ಎಚ್ಚರವಾಗಬಾರದು, ಅಂಥ ಚಾಲಕ.

ಆದರೆ ಆ ದೊಡ್ಡ ಮೈಗೆ ಆ ಚಿಕ್ಕ ಎಂಜಿನ್ನು ಸಾಲದು. ಸಪಾಟಿನಲ್ಲಿ ಓಡುತ್ತಿದ್ದ ಕಾರು ಏರು ಕಂಡರೆ ಏದುಸಿರು ಬಿಡುತ್ತಿತ್ತು. ೧೯೭೨ರಲ್ಲಿ, ಪ್ರದರ್ಶನಕ್ಕೆಂದು ಬಂದು ಕೆಟ್ಟು ಮೂಲೆ ಸೇರಿದ್ದ ವಿದೇಶಿ ಟ್ರ್ಯಾಕ್ಟರೊಂದರ ಟರ್ಬೊ ಅವರ ಕೈಗೆ ಸಿಕ್ಕಿತು. ಈ ಟರ್ಬೊ ಎಂಬುದನ್ನು ನನ್ನಂಥ ದಡ್ಡನಿಗೂ ಅವರು ತಿಳಿಸಿಕೊಟ್ಟ ಬಗೆ ಹೀಗೆ: ಎಂಜಿನ್ನು ಬಿಡುವ ಹೊಗೆಯ ರಭಸಕ್ಕೆ ಒಂದು ಪುಟ್ಟ ಚಕ್ರ ತಿರುಗುತ್ತದೆ, ಅದೇ ಅಚ್ಚಿಗೆ ಕೂತ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಎಳೆದು ಎಂಜಿನ್ನಿನೊಳಕ್ಕೆ ತುರುಕುತ್ತದೆ, ಗಾಳಿ ಹೆಚ್ಚಾದರೆ ಡೀಸೆಲ್ ಚೆನ್ನಾಗಿ ಉರಿಯುತ್ತದೆ, ಬಲ ಹೆಚ್ಚುತ್ತದೆ. ಒಲೆಗೆ ಊದುಗೊಳವೆ ಇದ್ದ ಹಾಗೆ. ತಿಂಗಳುಗಟ್ಟಲೆ ಹೆಣಗಿ ಅದನ್ನು ಕಾರಿಗೆ ಜೋಡಿಸಿದರು. ಭಾರ ಹೊತ್ತು ಏರು ಹತ್ತುವಾಗ ಅದು ಸಣ್ಣಗೆ ಸಿಳ್ಳೆ ಹಾಕುತ್ತಿದ್ದುದರಿಂದ ಜನ ಅದನ್ನು ಸಿಳ್ಳೆ ಕಾರೆಂದೇ ಕರೆದರು. ಹೊಲದಲ್ಲಿ ಕಳೆ ಕೀಳುತ್ತಿದ್ದವರು ಆ ಸಿಳ್ಳೆ ಕೇಳಿದರೆ ಯಾರಿಗೋ ಏನೋ ಆಗಿದೆಯೆಂದು ತಲೆಯೆತ್ತುತ್ತಿದ್ದರು. ಆ ಒಂದು ವರ್ಷದ ವೆಂಕಟರಾಯಪ್ಪನವರನ್ನು ನೀವು ನೋಡಬೇಕಿತ್ತು. ಅಷ್ಟು ಸಂತೋಷವಾಗಿ ಅವರನ್ನು ನಾನು ಮತ್ತೆಂದೂ ಕಂಡಿಲ್ಲ.

ಇನ್ನು ಮುಂದಿನದನ್ನು ಬರೆಯಲು ಕೈ ಹಿಂದೆಗೆಯುತ್ತಿದೆ, ಆದರೂ ಬರೆಯಲೇಬೇಕು.

೧೯೭೩ರ ಕಾರ್ತಿಕದಲ್ಲಿ ಪಿಳ್ಳಪ್ಪನ ಹೆಂಡತಿ ಅಂಜಿನಮ್ಮ ಎರಡನೆಯ ಹೆರಿಗೆಗೆಂದು, ಘಾಟಿ ಸುಬ್ರಹ್ಮಣ್ಯದ ಆಚೆಗಿನ ತವರಿಗೆ ಹೋಗಿದ್ದಳು. ಮೂರು ವರ್ಷದ ಮಗಳು ಮುನಿರತ್ನಮ್ಮನೂ ಜೊತೆಗಿದ್ದಳು. ನೋವು ಶುರುವಾಗಿ, ಸೂಲಗಿತ್ತಿ ತನ್ನ ಕೈಯಲ್ಲಾಗದೆಂದಾಗ ಪಿಳ್ಳಪ್ಪನಿಗೆ ಸುದ್ದಿ ಬಂತು. ಅವನು ಕಾರು ತಂದು, ಹೆಂಡತಿಯನ್ನು ಮಲಗಿಸಿ, ಅತ್ತೆ ಸೊಣ್ಣಮ್ಮನವರನ್ನೂ ನೆರೆಯ ಹೆಂಗಸರನ್ನೂ ಕೂರಿಸಿಕೊಂಡು ಹೊರಟ. ಘಾಟಿಯ ಏರಿನ ನಡುವೆ, ಸಿಳ್ಳೆ ಹಾಕುತ್ತಿದ್ದ ಕಾರು ಇದ್ದಕ್ಕಿದ್ದಂತೆ ಸೋತುಹೋಯಿತು. ಆಕ್ಸಿಲರೇಟರನ್ನು ಎಷ್ಟು ಒತ್ತಿದರೂ ಎಳೆಯಲಿಲ್ಲ. ನಿಲ್ಲಿಸಿ, ಇಳಿದು, ಬಾನೆಟ್ಟು ತೆರೆದು ನೋಡಿದರೆ ಎಲ್ಲ ಸರಿಯಾಗಿದೆ. ಮತ್ತೆ ಹೊರಟರೆ ಚೆನ್ನಾಗಿಯೇ ಹೊರಡುತ್ತದೆ, ತುಸು ದೂರ ಹೋಗುತ್ತಲೇ ಮತ್ತೆ ಅದೇ ಕಥೆ. ಹೀಗೆ ನಿಂತು ನಿಂತು ದೊಡ್ಡಬಳ್ಳಾಪುರದ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅಂಜಿನಮ್ಮನ ಜೀವ ಹೋಗಿತ್ತು, ಮಗುವೂ ಉಳಿಯಲಿಲ್ಲ. ಸ್ವಲ್ಪ ಮೊದಲು ಬಂದಿದ್ದರೆ, ಎಂದು ವೈದ್ಯರು ಅರ್ಧಕ್ಕೇ ಮಾತು ನಿಲ್ಲಿಸಿದರಂತೆ.

ಮಾರನೆಯ ದಿನ ಪೇಟೆಯ ಮೆಕ್ಯಾನಿಕ್ಕೊಬ್ಬ ಖಾಲಿ ಕಾರನ್ನು ಅದೇ ಏರಿನಲ್ಲಿ ಓಡಿಸಿದ. ಅದು ಒಂದು ಸಾರಿಯೂ ತಡವರಿಸದೆ ಹತ್ತಿತು. ಗಾಡಿಯಲ್ಲಿ ದೋಷವಿಲ್ಲ, ಓಡಿಸುವವನಲ್ಲಿದೆ ಎಂದು ಅವನು ಕೈ ತೊಳೆದುಕೊಂಡ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಲೋಕವಿದು. ಪಿಳ್ಳಪ್ಪ ಕುಡಿದಿದ್ದ ಎಂದು ಒಬ್ಬ, ಕೈಕಾಲು ನಡುಗಿ ಗೇರು ತಪ್ಪಿದ ಎಂದು ಇನ್ನೊಬ್ಬ. ಊರ ಬಾಯಿಗೆ ಬೀಗ ಹಾಕುವವರಾರು? ಸೊಣ್ಣಮ್ಮನವರಂತೂ ಕಣ್ಣಾರೆ ಕಂಡಿದ್ದರು: ಮಗಳು ಒದ್ದಾಡುತ್ತಿರುವಾಗ ಅಳಿಯ ಕಾರು ನಿಲ್ಲಿಸಿ ನಿಲ್ಲಿಸಿ ಇಳಿಯುತ್ತಿದ್ದ, ನಿಂತ ಕಾರು ಮತ್ತೆ ಸಲೀಸಾಗಿ ಹೊರಡುತ್ತಿತ್ತು. ಹೆಂಡತಿಯನ್ನು ಉಳಿಸಿಕೊಳ್ಳಲಾರದವನಿಗೆ ಮಗಳನ್ನು ಕೊಡುವುದಿಲ್ಲವೆಂದು ಅವರು ಮೊಮ್ಮಗಳನ್ನು ತಮ್ಮಲ್ಲೇ ಇಟ್ಟುಕೊಂಡರು. ಪಿಳ್ಳಪ್ಪ ಹೋದಾಗಲೆಲ್ಲ ಹೊಸ್ತಿಲಾಚೆಯೇ ನಿಲ್ಲಿಸಿ ಕಳುಹಿಸಿದರು. ಅವನು ಸ್ಟೇರಿಂಗು ಮುಟ್ಟುವುದನ್ನೇ ಬಿಟ್ಟ. ಎಲ್ಲರೂ ಹೇಳಿ ಹೇಳಿ, ಕೊನೆಗೆ ತನ್ನದೇ ತಪ್ಪಿರಬೇಕೆಂದು ಅವನಿಗೂ ಅನ್ನಿಸತೊಡಗಿತ್ತು.

ಹಾಗೆ ಅನ್ನಿಸದೆ ಇದ್ದವರು ವೆಂಕಟರಾಯಪ್ಪನವರೊಬ್ಬರೇ. "ಪಿಳ್ಳಪ್ಪನ ಕಾಲು ನಂಗೊತ್ತು ಕಣ್ರೀ, ನಾನೇ ಕಲ್ಸಿದ ಕಾಲು" ಎಂದರು. ಪಾಠ ಮುಗಿದ ಮೇಲೆ ದಿನವೂ ಶೆಡ್ಡಿನಲ್ಲಿ ಕಾರಿನ ಮುಂದೆ ಕೂರತೊಡಗಿದರು. ಡೀಸೆಲ್ ಫಿಲ್ಟರು ಬಿಚ್ಚಿ ನೋಡಿದರು, ಶುದ್ಧವಾಗಿತ್ತು. ಪಂಪು ಸರಿಯಾಗಿತ್ತು. ಸೈಲೆನ್ಸರು ಕಟ್ಟಿಕೊಂಡಿರಲಿಲ್ಲ. ಟರ್ಬೊದ ಚಕ್ರವನ್ನು ಬೆರಳಿನಿಂದ ತಿರುಗಿಸಿದರೆ ಹಗುರವಾಗಿ ತಿರುಗುತ್ತಿತ್ತು. ಟರ್ಬೊದಿಂದ ಎಂಜಿನ್ನಿಗೆ ಗಾಳಿ ಹೋಗುವ ಕೊಳವೆಯ ಕೂಡುಗಳಿಗೆ ಸೋಪಿನ ನೀರು ಬಳಿದು ನೋಡಿದರು, ಒಂದು ಗುಳ್ಳೆಯೂ ಏಳಲಿಲ್ಲ. ಶೆಡ್ಡಿನಲ್ಲಿ ನಿಂತ ಕಾರು ತಾನು ಯಾವ ಪಾಪವನ್ನೂ ಅರಿಯೆನೆಂಬಂತೆ ಓಡುತ್ತಿತ್ತು. ಸಾಕು ಬಿಡಿ, ಹೋದ ಜೀವ ಬರುತ್ತದೆಯೇ ಎಂದು ನಾವೆಲ್ಲ ಹೇಳಿದೆವು. "ಹೋದ ಜೀವ ಬರಲ್ಲ. ಇರೋ ಮಗು ಅಪ್ಪನ್ ಹತ್ರ ಬರ್ಬೇಕಲ್ಲ" ಎಂದು ಅವರು ನಮ್ಮ ಬಾಯಿ ಮುಚ್ಚಿಸಿದರು.

ಒಂದು ಮಧ್ಯಾಹ್ನ ಪಿಳ್ಳಪ್ಪನನ್ನು ಕರೆಸಿ ಎದುರಿಗೆ ಕೂರಿಸಿಕೊಂಡರು. ನಾನೂ ಅಲ್ಲಿದ್ದೆ.

"ನಿನ್ ತಪ್ಪು ಏನು ಅಂತ ನಾನು ಕೇಳ್ತಿಲ್ಲ. ಗಾಡಿ ಏನ್ಮಾಡ್ತು, ಅಷ್ಟು ಮಾತ್ರ ಹೇಳು."

ಪಿಳ್ಳಪ್ಪ ಆಕ್ಸಿಲರೇಟರು ಒತ್ತುವಂತೆ ಕಾಲು ನೆಲಕ್ಕೆ ಊರಿ ತೋರಿಸಿದ. "ಸಿಳ್ಳೆ ಜೋರಾಯ್ತು ಸಾ. ಆಮೇಲೆ ಗಂಟ್ಲು ಅಮುಕ್ದಂಗೆ ನಿಂತೋಯ್ತು. ಎಳೀಲಿಲ್ಲ."

"ಹಿಂದ್ಗಡೆ ಹೊಗೆ ಬಂತಾ?"

"ಬಂತು ಸಾ. ಕರ‍್ರಗೆ. ಕನ್ನಡೀಲಿ ರಸ್ತೆನೇ ಕಾಣ್ಲಿಲ್ಲ."

ವೆಂಕಟರಾಯಪ್ಪನವರು ನೆಟ್ಟಗೆ ಕುಳಿತರು. ಡೀಸೆಲ್ ಸಾಲದೆ ಸೋತ ಎಂಜಿನ್ನು ಕರಿಹೊಗೆ ಉಗುಳುವುದಿಲ್ಲವೆಂದೂ, ಡೀಸೆಲ್ ಬಂದು ಗಾಳಿ ಬಾರದಿದ್ದರೆ ಮಾತ್ರ ಹಾಗಾಗುವುದೆಂದೂ ನನಗೆ ಆಮೇಲೆ ವಿವರಿಸಿದರು. ಅಂದರೆ ಭಾರ ಹೊತ್ತು ಏರುವಾಗ ಮಾತ್ರ ಎಲ್ಲೋ ಗಾಳಿಯ ದಾರಿ ಮುಚ್ಚುತ್ತಿದೆ, ನಿಂತೊಡನೆ ತೆರೆದುಕೊಳ್ಳುತ್ತಿದೆ. ಖಾಲಿ ಕಾರನ್ನು ಓಡಿಸಿದ ಪೇಟೆಯವನಿಗೆ ಅದು ಹೇಗೆ ಕಾಣಬೇಕು? ಅವನು ಟರ್ಬೊಗೆ ಕೆಲಸವನ್ನೇ ಕೊಟ್ಟಿರಲಿಲ್ಲ.

ಮರುದಿನ ಬೆಳಿಗ್ಗೆ ಕಾರಿನೊಳಗೆ ರಾಗಿ ಮೂಟೆಗಳನ್ನು ಹೇರಿದರು. ಬಾನೆಟ್ಟನ್ನು ಪೂರ್ತಿ ಕಳಚಿ ಶೆಡ್ಡಿನಲ್ಲೇ ಬಿಟ್ಟರು. ಓಡಿಸಬೇಕಾದವನು ಪಿಳ್ಳಪ್ಪನೇ ಎಂದು ಹಟ ಹಿಡಿದರು. ಅವನು ಒಲ್ಲೆನೆಂದು ಕೈ ಮುಗಿದ, ಅತ್ತ. "ನೀನು ಆವತ್ತು ಹೆಂಗ್ ಓಡ್ಸಿದ್ಯೋ ಹಂಗೇ ಓಡ್ಸಪ್ಪ, ನಾನು ಮುಂದ್ಗಡೆ ಇರ್ತೀನಿ" ಎಂದು ಭುಜ ಹಿಡಿದು ಕೂರಿಸಿದರು. ಘಾಟಿಯ ಏರಿನ ಬುಡದಲ್ಲಿ ಕಾರು ನಿಲ್ಲಿಸಿ, ಐವತ್ತರ ಅಂಚಿನಲ್ಲಿದ್ದ ನಮ್ಮ ಮೇಷ್ಟ್ರು ಪಂಚೆ ಎತ್ತಿ ಕಟ್ಟಿ ಮುಂದಿನ ಮಡ್‌ಗಾರ್ಡಿನ ಮೇಲೆ ಕೂತರು. ನಾನು ಕಿಟಕಿಯಿಂದ ಹೊರಕ್ಕೆ ಬಾಗಿ ಅವರ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ನನ್ನ ಜನ್ಮದಲ್ಲಿ ನಾನು ಮಾಡಿದ ಏಕೈಕ ಯಾಂತ್ರಿಕ ಕೆಲಸ ಅದು.

ಕಾರು ಏರತೊಡಗಿತು. ಸಿಳ್ಳೆ ಶುರುವಾಯಿತು, ಜೋರಾಯಿತು, ತಟ್ಟನೆ ನಿಂತಿತು. ಕರಿಹೊಗೆ ಎದ್ದಿತು. ನಾನು ಹೊಗೆಯನ್ನು ನೋಡುತ್ತಿದ್ದೆ; ಅವರು ಎಂಜಿನ್ನನ್ನು ನೋಡುತ್ತಿದ್ದರು. ಗಾಳಿ ಸೋಸುವ ಡಬ್ಬಿಯಿಂದ ಟರ್ಬೊಗೆ ಹೋಗುವ ದಪ್ಪ ರಬ್ಬರ್ ಪೈಪು, ಟರ್ಬೊ ಎಳೆಯುವ ರಭಸಕ್ಕೆ, ಚೀಪಿ ಬಿಟ್ಟ ಮಾವಿನ ಸಿಪ್ಪೆಯಂತೆ ಚಪ್ಪಟೆಯಾಗಿತ್ತು. ಪಿಳ್ಳಪ್ಪ ಕಾರು ನಿಲ್ಲಿಸಿದೊಡನೆ ಅದು ಮೆಲ್ಲಗೆ ಉಬ್ಬಿ, ಏನೂ ಆಗದಂತೆ ದುಂಡಗಾಯಿತು. ವೆಂಕಟರಾಯಪ್ಪನವರು ಕೆಳಗಿಳಿಯಲಿಲ್ಲ. ಆ ಪೈಪಿನ ಮೇಲೆ ಕೈಯಿಟ್ಟುಕೊಂಡು ಹಾಗೇ ಕೂತರು. ಆಮೇಲೆ, "ಪಿಳ್ಳಪ್ಪ, ನಿಂದಲ್ಲ ಕಣಪ್ಪ. ನಂದು" ಎಂದರು.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆ ವರ್ಷದ ಆಯುಧಪೂಜೆಗೆ ಕಾರನ್ನು ಮದುವಣಗಿತ್ತಿಯಂತೆ ಸಿಂಗರಿಸಿದ್ದೆವು. ಪೂಜೆಯ ದಿನ ಯಂತ್ರದ ಮೇಲೆ ಹಳತು, ಹರಕು, ತುಕ್ಕು ಕಾಣಬಾರದೆಂಬುದು ನಮ್ಮ ಕೇಂದ್ರದ ನಡವಳಿಕೆ. ಕುಂಕುಮ ಇಡುವ ಜಾಗವೆಲ್ಲ ಹೊಸದಾಗಿ ಹೊಳೆಯಬೇಕು. ಆ ಪೈಪಿನ ಜಾಗದಲ್ಲಿ ಮೊದಲು, ಟ್ರ್ಯಾಕ್ಟರಿನ ಟರ್ಬೊ ಜೊತೆಗೇ ಬಂದಿದ್ದ ಒಂದು ಕುರೂಪಿ ಪೈಪಿತ್ತು. ಒಳಗೆ ಸುರುಳಿ ತಂತಿಯಿದ್ದು, ಅದು ಅಲ್ಲಲ್ಲಿ ತುಕ್ಕು ಹಿಡಿದು ಹೊರಕ್ಕೆ ಇಣುಕುತ್ತಿತ್ತು. ವೆಂಕಟರಾಯಪ್ಪನವರು ಪೂಜೆಯ ಹಿಂದಿನ ದಿನ ಅದನ್ನು ಕಿತ್ತೆಸೆದು, ಕಪ್ಪಗೆ ಮಿರಮಿರ ಮಿಂಚುವ ಹೊಸ ಪೈಪನ್ನು ತಮ್ಮ ಕೈಯಾರೆ ತೊಡಿಸಿದ್ದರು. ದಪ್ಪವಾಗಿದೆ, ತಂತಿ ಬೇಡ ಎಂದುಕೊಂಡರು. ಪೂಜೆಯಾದ ಮೇಲೆ ಅಷ್ಟು ಜನರನ್ನು ಹೊತ್ತು ಕಾರು ಘಾಟಿಯ ಏರು ಹತ್ತಿದ್ದು ಅಂಜಿನಮ್ಮನನ್ನು ತಂದ ದಿನವೇ ಮೊದಲು. ಅದರ ಮೇಲೆ ಕುಂಕುಮದ ಗುರುತು ಇನ್ನೂ ಹಾಗೇ ಇತ್ತು. ದುಂಡಗಿರಲೆಂದು ಆ ತಂತಿಯನ್ನು ಇಟ್ಟವನಿಗೆ ಕಾರಣ ಗೊತ್ತಿತ್ತು, ಇವರಿಗೂ ಗೊತ್ತಿರಬೇಕಿತ್ತು. ಇದು ನನ್ನ ಮಾತಲ್ಲ, ಅವರದೇ.

ಸುದ್ದಿ ಕೇಳಿದ ಪ್ರಾಂಶುಪಾಲರು ಒಳ್ಳೆಯ ಮನುಷ್ಯರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ದಾರಿಯೊಂದನ್ನು ಸೂಚಿಸಿದರು. "ಪೈಪು ಕೆಟ್ಟಿತ್ತು ಅಂತ ಹೇಳಿ, ಸಾಕು. ಅದು ಸುಳ್ಳೇನಲ್ಲ. ಪಿಳ್ಳಪ್ಪ ಪಾರಾಗ್ತಾನೆ. ಯಾರು ಹಾಕಿದ್ದು ಅಂತ ಯಾರು ಕೇಳ್ತಾರೆ?" ವೆಂಕಟರಾಯಪ್ಪನವರು ತಲೆಯಾಡಿಸಿದರು. "ಪೈಪು ತಾನಾಗಿ ಕೆಡ್ತು ಅಂದ್ರೆ, ಚಾಲಕ ನೋಡ್ಕೋಬೇಕಿತ್ತು ಅಂತಾರೆ ಸಾರ್. ಮತ್ತೆ ಅವನ ಕುತ್ತಿಗೇಗೇ ಬರುತ್ತೆ."

ಅವರ ಜೊತೆ ಸೊಣ್ಣಮ್ಮನವರ ಊರಿಗೆ ನಾನೂ ಹೋದೆ. ಆಕೆ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಮೊಮ್ಮಗಳು ಪಕ್ಕದಲ್ಲಿ ಸಿಪ್ಪೆ ಜೋಡಿಸಿಕೊಂಡು ಆಡುತ್ತಿದ್ದಳು. ಕೂರಿ ಎಂದರೂ ವೆಂಕಟರಾಯಪ್ಪನವರು ಕೂರಲಿಲ್ಲ.

"ಅಮ್ಮಾ, ನಿಮ್ಮ ಅಳಿಯ ಕುಡಿದಿರ್ಲಿಲ್ಲ. ಗಾಡಿ ಬೇಕಂತ ನಿಲ್ಲಿಸ್ಲೂ ಇಲ್ಲ. ಗಾಡಿ ಉಸ್ರು ಎಳ್ಕೊಳ್ಳೋ ಪೈಪು ಏರ್ನಲ್ಲಿ ಮುಚ್ಕೊಂಡ್ಬಿಡ್ತಿತ್ತು. ಹಳೇದು ಗಟ್ಟಿಯಾಗಿತ್ತು. ಅದನ್ನ ತೆಗ್ದು ಇದನ್ನ ಹಾಕ್ದೋನು ನಾನು."

"ಹಳೇದ್ನ ಯಾಕ್ ತೆಗುದ್ರಿ?"

"ಪೂಜೆಗೆ ಚೆನ್ನಾಗ್ ಕಾಣ್ಲಿ ಅಂತ."

ಸೊಣ್ಣಮ್ಮನವರ ಕೈ ನಿಂತಿತು. "ಚೆನ್ನಾಗ್ ಕಾಣ್ಲಿ ಅಂತಾ" ಎಂದು ಆ ಮಾತನ್ನೇ ಮೆಲ್ಲಗೆ ಹೇಳಿಕೊಂಡರು. ಆಮೇಲೆ ಕೇಳಿದರು: "ನೀವು ಬಂದು ಹೇಳ್ದೆ ಇದ್ದಿದ್ರೆ ಇದು ನಮ್ಗೆ ಗೊತ್ತಾಗ್ತಿತ್ತಾ?"

"ಇಲ್ಲ ತಾಯಿ."

ಆಕೆ ಮೊಮ್ಮಗಳ ತಲೆ ಸವರಿದರು. "ಅವನ್ಗೆ ಹೇಳಿ, ಬಂದು ಮಗೀನ ಕರ್ಕೊಂಡೋಗ್ಲಿ. ಬಾಗಿಲಾಗೆ ನಿಲ್ಲೋದ್ ಬ್ಯಾಡ, ಒಳೀಕ್ ಬಂದು ಉಂಡು ಹೋಗ್ಲಿ." ಮತ್ತೆ ಅವರೆಕಾಯಿಗೆ ಕೈ ಹಾಕಿ, "ನಿಮ್ಮನ್ನ ಮಾತ್ರ ನಾನು ಮನ್ನಿಸಾಕಿಲ್ಲ ಮೇಷ್ಟ್ರೇ. ಬಾಯಿ ಹೇಳ್ಬೌದು, ಹೊಟ್ಟೆ ಒಪ್ಪಾಕಿಲ್ಲ" ಎಂದರು.

"ಮನ್ನಿಸ್ಬೇಡಿ ತಾಯಿ" ಎಂದು ಇವರು ಕೈ ಮುಗಿದರು.

ಹಿಂತಿರುಗುವಾಗ ನನಗೆ ಆಕೆಯ ಮೇಲೆ ಸಿಟ್ಟು ಬಂದಿತ್ತು. ಅಷ್ಟು ದೂರ ಹೋಗಿ ತಲೆ ಬಾಗಿಸಿದವರಿಗೆ ಒಂದು ಒಳ್ಳೆಯ ಮಾತಿಲ್ಲವೇ ಎಂದು ಗೊಣಗಿದೆ. ವೆಂಕಟರಾಯಪ್ಪನವರು ನನ್ನನ್ನೇ ಗದರಿದರು. "ಅವರು ಸರಿಯಾಗೇ ಹೇಳಿದ್ರು ಕಣ್ರೀ. ಮನ್ನಿಸಿಬಿಟ್ಟಿದ್ರೆ ನಾನು ಮನೆಗ್ ಹೋಗಿ ಹೊಟ್ಟೆತುಂಬ ಉಂಡು ಮಲಗಿಬಿಡ್ತಿದ್ದೆ."

ಮಗು ತಂದೆಯ ಮನೆಗೆ ಬಂತು. ಪಿಳ್ಳಪ್ಪ ಮತ್ತೆ ಸ್ಟೇರಿಂಗು ಹಿಡಿದ. ತಂತಿ ಸುರುಳಿಯ ಪೈಪು ಹಾಕಿದ ಮೇಲೆ ಕಾರು ಎಂಥ ಏರಿನಲ್ಲೂ ಸೋಲಲಿಲ್ಲ. ಅದು ಹೊತ್ತು ತಂದು ಉಳಿಸಿದ ಜೀವಗಳು ಆ ಹಳ್ಳಿಗಳಲ್ಲಿ ಇಂದು ಓಡಾಡುತ್ತಿವೆ. ಆದರೆ ಅದರ ಸಿಳ್ಳೆ ಕೇಳಿದರೆ ವೆಂಕಟರಾಯಪ್ಪನವರು ಮಾಡುತ್ತಿದ್ದ ಕೆಲಸ ನಿಲ್ಲಿಸಿ, ಅದು ದೂರವಾಗುವವರೆಗೂ ಸುಮ್ಮನೆ ನಿಲ್ಲುತ್ತಿದ್ದರು. ಅಂದಿನಿಂದ ಪ್ರತಿ ಹೊಸ ತಂಡಕ್ಕೂ ಅವರ ಮೊದಲ ಪಾಠ ಇದೇ ಆಯಿತು. ಕುಂಕುಮದ ಗುರುತಿದ್ದ ಆ ಪೈಪನ್ನು ಮೇಜಿನ ಮೇಲಿಟ್ಟು, ಅಂಜಿನಮ್ಮನ ಹೆಸರು ಹೇಳಿ, ನಡೆದದ್ದನ್ನು ಇದ್ದಂತೆ ಹೇಳುತ್ತಿದ್ದರು. ಉತ್ತಮ ಬೋಧಕರ ಗೌರವಕ್ಕೆ ಹೆಸರು ಕಳುಹಿಸುತ್ತೇವೆಂದಾಗ ಬೇಡವೆಂದರು, ಒತ್ತಾಯಿಸಿದ ನಮ್ಮ ಮೇಲೆ ರೇಗಿದರು.

ಈ ಪ್ರಸಂಗವನ್ನು ಅಭಿನಂದನ ಗ್ರಂಥದಲ್ಲಿ ಬರೆಯುವುದು ಬೇಡವೆಂದು ಸಂಪಾದಕ ಸಮಿತಿಯಲ್ಲಿ ಹಲವರು ಹೇಳಿದರು. ನಾನು ವೆಂಕಟರಾಯಪ್ಪನವರನ್ನೇ ಕೇಳಿದೆ. "ಅದನ್ನ ಬಿಟ್ರೆ ಪುಸ್ತಕ ನಂದಲ್ಲ" ಎಂದರು. ಹಾಗಾಗಿ ಬರೆದಿದ್ದೇನೆ. ನಿವೃತ್ತಿಯ ಬಳಿಕ ದೊಡ್ಡಬೆಳವಂಗಲದ ತಮ್ಮ ಮನೆಯ ಹಿತ್ತಲಲ್ಲಿ, ಊರ ಪಂಪ್‌ಸೆಟ್ಟುಗಳ ರಿಪೇರಿ ಕಲಿಸುವ ಶೆಡ್ಡೊಂದನ್ನು ತೆರೆಯಲಿದ್ದಾರೆ. ಆ ಕೆಲಸ ಕೈಗೂಡಲಿ, ಅನುಸೂಯಮ್ಮನವರ ಆರೋಗ್ಯ ಚೆನ್ನಾಗಿರಲಿ, ಅವರ ಬಾಯಿ ಖಾರವಾಗಿಯೇ ಉಳಿಯಲಿ.

ಆಯುಷ್ಯದ ಹಾರೈಕೆಯನ್ನು ಮಾತ್ರ ನಾನು ಬರೆಯಬೇಕಾಗಿಲ್ಲ. ಮೇಷ್ಟ್ರ ಬೀಳ್ಕೊಡುಗೆ ಸಮಾರಂಭಕ್ಕೆ ಕರೆಯಲು ಕಳೆದ ವಾರ ಸೊಣ್ಣಮ್ಮನವರ ಮನೆಗೂ ಹೋಗಿದ್ದೆ. ಮುದುಕಿಗೆ ಈಗ ಕಣ್ಣು ಮಂಜು. ಆಕೆ ಹೇಳಿದ್ದನ್ನು ಹೇಳಿದಂತೆಯೇ ಇಲ್ಲಿ ಬರೆಯುತ್ತಿದ್ದೇನೆ:

"ನಾನು ಬರಾಕಿಲ್ಲ ಸ್ವಾಮಿ. ಆದ್ರೆ ಮೇಷ್ಟ್ರು ಬಾಳ ಕಾಲ ಬದುಕ್ಲಿ ಅಂತ ಬರ್ಕೊಳಿ. ಅಳಿಯ ಇನ್ನೊಂದ್ ಮದ್ವೆ ಆದ, ಆಗ್ಲಿ, ಅದು ತಪ್ಪಲ್ಲ. ಮೊಮ್ಮಗಳ್ಗೆ ಅವಳವ್ವನ ಮುಖ ನೆಪ್ಪಿಲ್ಲ. ನಾನು ಹೋದ್ಮೇಲೆ ನನ್ ಮಗಳ್ನ ದಿನಾ ನೆನೆಸ್ಕೊಳ್ಳೋರು ಅಂತ ಉಳಿಯೋದು ಅವ್ರೊಬ್ರೇ."